ಸುಗ್ಗಿಗೆ ಬರುವ ರೊಕ್ಕ, ತಿಂಗಳಿಗೆ ಬರುವ ಬಿಲ್ಲು

ಪೆಟ್ರೋಲ್ ಬಂಕು, ಮೊಬೈಲ್ ಅಂಗಡಿ, ಬ್ಯಾಂಕಿನ ಮೆಟ್ಟಿಲು, ಮಧ್ಯಾಹ್ನದ ಹೊತ್ತಿಗೆ ಬರುವ ಫೋನು: ಕ್ರೆಡಿಟ್ ಕಾರ್ಡ್ ಕೊಡುತ್ತೇವೆ ಎನ್ನುವವರು ಈಗ ಎಲ್ಲ ಕಡೆ ಸಿಗುತ್ತಾರೆ. "ಲೈಫ್‌ಟೈಮ್ ಫ್ರೀ ಐತ್ರಿ ಅಣ್ಣಾರ, ಆಧಾರ್, ಪ್ಯಾನ್ ಕೊಟ್ರ ಮುಗೀತು" ಎಂಬ ಮಾತಿಗೆ ಒಪ್ಪಿ ಕಾರ್ಡ್ ತೆಗೆದುಕೊಂಡವರು ಕೆಲವು ತಿಂಗಳಾದ ಮೇಲೆ ಕೇಳುವ ಪ್ರಶ್ನೆ ಬಹುತೇಕ ಒಂದೇ: "ಪ್ರತಿ ತಿಂಗಳು ಕಟ್ಟಾಕತ್ತೇನ್ರಿ, ಸಾಲ ಮಾತ್ರ ಇಳಿವಲ್ದು. ಯಾಕ?"

ಉತ್ತರ ಬೇಕಿದ್ದರೆ ಮೊದಲು ನಿಮ್ಮ ಮನೆಗೆ ರೊಕ್ಕ ಯಾವಾಗ ಬರುತ್ತದೆ ಎಂದು ನೋಡಿಕೊಳ್ಳಿ. ಗದಗಿನ ಶಾಲಾ ಶಿಕ್ಷಕಿಗೆ ತಿಂಗಳಿಗೊಮ್ಮೆ ಪಗಾರ. ಬೆಟಗೇರಿಯ ನೇಕಾರರಿಗೆ ಸೀರೆ ನೇಯ್ದು ಕೊಟ್ಟಾಗ ಮಜೂರಿ. ಲಕ್ಷ್ಮೇಶ್ವರದ ಕಾಯಿಪಲ್ಯೆ ವ್ಯಾಪಾರಿಗೆ ದಿನದಿನದ ಗಲ್ಲಾ. ಮುಂಡರಗಿ, ಶಿರಹಟ್ಟಿ ಕಡೆಯ ಒಕ್ಕಲುತನದ ಮನೆಗೆ ಹೆಸರು ಮಾರಿದಾಗ ಒಂದಿಷ್ಟು, ಉಳ್ಳಾಗಡ್ಡಿಗೆ ಒಂದಿಷ್ಟು, ಕಡಲೆ, ಮೆಣಸಿನಕಾಯಿ ಕೈಗೆ ಬಂದಾಗ ಮತ್ತೊಂದಿಷ್ಟು. ನಡುವಿನ ತಿಂಗಳುಗಳಲ್ಲಿ ಬರಿಗೈ. ಕಾರ್ಡಿನ ಬಿಲ್ಲು ಮಾತ್ರ ಈ ನಾಲ್ವರಿಗೂ ತಿಂಗಳಿಗೊಮ್ಮೆಯೇ ಬರುತ್ತದೆ. ಮಳೆ ತಡವಾಯಿತೆಂದು ಅದು ತಡೆಯುವುದಿಲ್ಲ, ಉಳ್ಳಾಗಡ್ಡಿ ರೇಟು ಬಿತ್ತೆಂದು ಇಳಿಯುವುದಿಲ್ಲ. ಹಾಗಾಗಿ ಯಾವ ಖರ್ಚಿಗೆ ಕಾರ್ಡು, ಯಾವುದಕ್ಕೆ ಯುಪಿಐ ಸ್ಕ್ಯಾನರ್, ಯಾವುದಕ್ಕೆ ನಗದು, ಯಾವುದಕ್ಕೆ ಸೊಸೈಟಿ ಸಾಲ ಎಂಬುದನ್ನು ಆದಾಯದ ದಿನ ನೋಡಿ ತೀರ್ಮಾನಿಸಬೇಕು. ಈ ಲೇಖನದಲ್ಲಿ ಅದನ್ನೇ ಬಿಡಿಸಿ ಹೇಳುತ್ತೇನೆ.

ಈ ವಿಷಯದಲ್ಲಿ ಗದಗ ಸೀಮೆಗೆ ಹಳೆಯ ಅನುಭವವಿದೆ. 1904ರಲ್ಲಿ ಸಹಕಾರ ಸಂಘಗಳ ಕಾಯ್ದೆ ಬಂತು. ಮರುವರ್ಷವೇ, 1905ರಲ್ಲಿ, ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ಹುಟ್ಟಿತು. ದೇಶದ ಸಹಕಾರ ಚಳವಳಿಯ ಆರಂಭವೆಂದು ಈಗಲೂ ಅದರ ಹೆಸರು ಹೇಳುತ್ತಾರೆ. ಬೆಳೆ ಬಂದಾಗ ಸಾಲ ತೀರಿಸುವ ವ್ಯವಸ್ಥೆ ರೈತನಿಗೆ ಬೇಕು ಎಂಬುದು ಅಲ್ಲಿನ ಮೂಲ ತಿಳಿವಳಿಕೆ. ಎಪಿಎಂಸಿಯ ದಲಾಲಿ ಅಂಗಡಿಯ ಉದ್ರಿಯೂ ಕಿರಾಣಿ ಅಂಗಡಿಯ ಖಾತೆ ವಹಿಯೂ ಸುಗ್ಗಿಯ ಲೆಕ್ಕದಲ್ಲೇ ನಡೆದು ಬಂದಿವೆ. ಉದ್ರಿಗೆ ಒಗ್ಗಿದ ಮನೆಯವರು ಕ್ರೆಡಿಟ್ ಕಾರ್ಡನ್ನೂ ಉದ್ರಿ ಎಂದೇ ತಿಳಿಯುವುದು ಸಹಜ. ತೊಂದರೆ ಶುರುವಾಗುವುದು ಅಲ್ಲಿಂದಲೇ.

ಕಾರ್ಡಿನ ಬಡ್ಡಿ ಹತ್ತುವ ಬಗೆ

ಕಾರ್ಡಿಗೆ ಎರಡು ತಾರೀಖುಗಳಿವೆ. ಒಂದು ಬಿಲ್ಲು ತಯಾರಾಗುವ ದಿನ, ಇನ್ನೊಂದು ಹಣ ಕಟ್ಟಲು ಕೊನೆಯ ದಿನ. ಎರಡರ ನಡುವೆ ಸಾಮಾನ್ಯವಾಗಿ 15ರಿಂದ 20 ದಿನಗಳ ಅಂತರವಿರುತ್ತದೆ. ನಿಮ್ಮ ಬಿಲ್ಲು ಪ್ರತಿ ತಿಂಗಳು 12ಕ್ಕೆ ತಯಾರಾಗುತ್ತದೆ ಎಂದುಕೊಳ್ಳಿ. 13ನೇ ತಾರೀಖು ಖರೀದಿಸಿದ ವಸ್ತು ಮುಂದಿನ ತಿಂಗಳ 12ರ ಬಿಲ್ಲಿಗೆ ಸೇರುತ್ತದೆ, ಅಲ್ಲಿಂದ ಕಟ್ಟಲು ಮತ್ತೆ ಹದಿನೆಂಟಿಪ್ಪತ್ತು ದಿನ. ಅಂದರೆ ಐವತ್ತು ದಿನಗಳ ಆಸುಪಾಸು ಬಡ್ಡಿ ಇಲ್ಲ. ಅದೇ ವಸ್ತುವನ್ನು 11ಕ್ಕೆ ಖರೀದಿಸಿದರೆ ಸಿಗುವುದು ಇಪ್ಪತ್ತು ದಿನಗಳಷ್ಟೇ. "50 ದಿನ ಬಡ್ಡಿಯಿಲ್ಲ" ಎಂದು ಏಜೆಂಟರು ಹೇಳುವುದು ಸುಳ್ಳಲ್ಲ. ಆದರೆ ಅದು ಎಲ್ಲ ಖರೀದಿಗೂ ಸಿಗುವುದಿಲ್ಲ, ಬಿಲ್ಲಿನ ಪೂರ್ತಿ ಮೊತ್ತ ಕಟ್ಟುವವರಿಗೆ ಮಾತ್ರ ಸಿಗುತ್ತದೆ.

ಪೂರ್ತಿ ಕಟ್ಟದಿದ್ದರೆ ಏನಾಗುತ್ತದೆ ಎಂಬುದನ್ನು ಲೆಕ್ಕ ಹಾಕಿಯೇ ನೋಡಬೇಕು. ಮುಂಡರಗಿಯ ರೈತರೊಬ್ಬರು ಜನವರಿ 13ರಂದು 30,000 ರೂಪಾಯಿಯ ಬೋರ್‌ವೆಲ್ ಮೋಟರ್ ಅನ್ನು ಕಾರ್ಡಿನಲ್ಲಿ ಖರೀದಿಸಿದರು ಎಂದುಕೊಳ್ಳೋಣ. ಫೆಬ್ರುವರಿ 12ರ ಬಿಲ್ಲಿನಲ್ಲಿ ಎರಡು ಮೊತ್ತಗಳು ಅಚ್ಚಾಗಿರುತ್ತವೆ: ಒಟ್ಟು ಬಾಕಿ 30,000 ರೂ., ಕನಿಷ್ಠ ಪಾವತಿ 1,500 ರೂ. ಮಾರ್ಚ್ 1 ಕೊನೆಯ ದಿನ. ಕೈಯಲ್ಲಿ ಅಷ್ಟೇ ಇದ್ದುದರಿಂದ ಅವರು 1,500 ರೂ. ಕಟ್ಟಿದರು. ಬಡ್ಡಿ ತಿಂಗಳಿಗೆ ಶೇ 3.5, ಅಂದರೆ ವರ್ಷಕ್ಕೆ ಶೇ 42. ಈಗ ಬ್ಯಾಂಕ್ ಜನವರಿ 13ರಿಂದ, ಅಂದರೆ ಮೋಟರ್ ಖರೀದಿಸಿದ ದಿನದಿಂದಲೇ ಪೂರ್ತಿ 30,000ಕ್ಕೆ ಬಡ್ಡಿ ಎಣಿಸುತ್ತದೆ. ಮಾರ್ಚ್ 1ರವರೆಗಿನ 47 ದಿನಗಳಿಗೆ ಸುಮಾರು 1,620 ರೂ. ಅಲ್ಲಿಂದ ಮಾರ್ಚ್ 12ರವರೆಗೆ ಉಳಿದ 28,500ಕ್ಕೆ ಸುಮಾರು 360 ರೂ. ಬಡ್ಡಿಯ ಮೇಲೆ ಶೇ 18ರ ಜಿಎಸ್‌ಟಿ ಸುಮಾರು 357 ರೂ. ಒಟ್ಟು ಹೆಚ್ಚುಕಡಿಮೆ 2,340 ರೂ. ಮಾರ್ಚ್ 12ರ ಬಿಲ್ಲಿನಲ್ಲಿ ಬಾಕಿ ಎಷ್ಟು? 30,840 ರೂ. ಒಂದೂವರೆ ಸಾವಿರ ಕಟ್ಟಿದ ಮೇಲೂ ಸಾಲ ಮೊದಲಿಗಿಂತ ಎಂಟುನೂರು ಚಿಲ್ಲರೆ ಹೆಚ್ಚಾಯಿತು.

"ಸಾಲ ಇಳಿವಲ್ದು" ಎಂಬ ಪ್ರಶ್ನೆಗೆ ಉತ್ತರ ಇದೇ. ಇದರ ಜೊತೆಗೆ ಮತ್ತೊಂದು ಹೊಡೆತವಿದೆ. ಹಳೆ ಬಾಕಿ ಉಳಿದಿರುವಷ್ಟು ದಿನ ಹೊಸ ಖರೀದಿಗೂ ಬಡ್ಡಿಯಿಲ್ಲದ ಅವಧಿ ಸಿಗುವುದಿಲ್ಲ. ಮರುದಿನ ಹಾಕಿಸಿದ ಐನೂರು ರೂಪಾಯಿ ಪೆಟ್ರೋಲಿಗೂ ಅವತ್ತಿನಿಂದಲೇ ಬಡ್ಡಿ. ಕನಿಷ್ಠ ಪಾವತಿಯಿಂದ ಆಗುವ ಲಾಭ ಎರಡೇ: ತಡ ಶುಲ್ಕ ಬೀಳುವುದಿಲ್ಲ, ಸಾಲದ ಇತಿಹಾಸವಿಡುವ ಸಿಬಿಲ್ ದಾಖಲೆಯಲ್ಲಿ ಕಂತು ತಪ್ಪಿದ್ದು ಕಾಣುವುದಿಲ್ಲ. ಬಡ್ಡಿಯನ್ನು ಅದು ತಡೆಯುವುದೇ ಇಲ್ಲ.

ಹಾಗಿದ್ದರೆ ಕಾರ್ಡ್ ಯಾರಿಗೆ ಹೊಂದುತ್ತದೆ? ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ತಿಂಗಳ ಪಗಾರ ಅಥವಾ ಪಿಂಚಣಿ ಇರುವವರಿಗೆ, ಪ್ರತಿದಿನ ಗಲ್ಲಾ ತುಂಬುವ ಅಂಗಡಿಯವರಿಗೆ ಅದು ಒಳ್ಳೆಯ ಸಾಧನ. ಸುಗ್ಗಿಯಿಂದ ಸುಗ್ಗಿಗೆ ಬದುಕುವ ಮನೆಗೆ, ಬ್ಯಾಂಕಿನಲ್ಲಿ ಎರಡು ತಿಂಗಳ ಖರ್ಚಿಗಾಗುವಷ್ಟು ಹಣ ಬೇರೆ ಇಲ್ಲದಿದ್ದರೆ, ಕಾರ್ಡ್ ಬೇಡ. ಮೋಟರ್, ಬೀಜ, ಗೊಬ್ಬರಕ್ಕಂತೂ ಬೇಡವೇ ಬೇಡ. ಅದಕ್ಕೆ ಇದಕ್ಕಿಂತ ಎಷ್ಟೋ ಅಗ್ಗದ ದಾರಿಯಿದೆ.

ಹೆಸರು ಒಂದೇ, ಕಾರ್ಡು ಬೇರೆ

ಕಿಸಾನ್ ಕ್ರೆಡಿಟ್ ಕಾರ್ಡ್ ಎಂಬ ಹೆಸರಿನಿಂದಾಗಿ ಹಳ್ಳಿಗಳಲ್ಲಿ ದೊಡ್ಡ ಗೊಂದಲವಾಗಿದೆ. 1998ರಲ್ಲಿ ಆರಂಭವಾದ ಈ ಯೋಜನೆ ಬೆಳೆಸಾಲದ್ದು. ಜಮೀನು, ಬೆಳೆ ನೋಡಿ ಮಿತಿ ಗೊತ್ತು ಮಾಡುತ್ತಾರೆ, ಬೆಳೆ ಬರುವ ಹೊತ್ತಿಗೆ ಮರುಪಾವತಿ ಇಡುತ್ತಾರೆ. 3 ಲಕ್ಷ ರೂ.ವರೆಗಿನ ಬೆಳೆಸಾಲಕ್ಕೆ ಬ್ಯಾಂಕಿನಲ್ಲಿ ಬಡ್ಡಿ ಶೇ 7. ಅವಧಿಯೊಳಗೆ ಕಟ್ಟಿದವರಿಗೆ ಶೇ 3 ರಿಯಾಯಿತಿ ಸಿಕ್ಕು ಶೇ 4ಕ್ಕೆ ಇಳಿಯುತ್ತದೆ. ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘದ ಮೂಲಕವಾದರೆ ರಾಜ್ಯ ಸರ್ಕಾರದ ಯೋಜನೆಯಲ್ಲಿ ಅಲ್ಪಾವಧಿ ಬೆಳೆಸಾಲ ಬಡ್ಡಿಯಿಲ್ಲದೆ ಸಿಗುತ್ತದೆ. 2023ರ ಬಜೆಟ್ಟಿನಲ್ಲಿ ಅದರ ಮಿತಿಯನ್ನು 3 ಲಕ್ಷದಿಂದ 5 ಲಕ್ಷ ರೂ.ಗೆ ಏರಿಸಲಾಯಿತು. ಜಮೀನು ಅಡವಿಡದೆ ಕೊಡುವ ಕೃಷಿ ಸಾಲದ ಮಿತಿ 2025ರ ಜನವರಿಯಿಂದ 2 ಲಕ್ಷ ರೂ. ಆಗಿದೆ.

ಶೇ 42 ಎಲ್ಲಿ, ಶೇ 4 ಎಲ್ಲಿ! ಆದರೆ ಇಲ್ಲಿಯೂ ತಾರೀಖೇ ಮುಖ್ಯ. ಗಡುವು ದಾಟಿದರೆ ರಿಯಾಯಿತಿ ಹೋಗುತ್ತದೆ. ಸಾಲ ತೆಗೆದ ದಿನವೇ ಮರುಪಾವತಿಯ ತಾರೀಖನ್ನು ಮ್ಯಾನೇಜರರಿಂದ ಬರೆಸಿಕೊಂಡು ಕ್ಯಾಲೆಂಡರಿಗೆ ಗುರುತು ಹಾಕಿ. ಎಪಿಎಂಸಿಯಲ್ಲಿ ಮಾಲು ಮಾರಿದ ಪಟ್ಟಿ ಕೈಗೆ ಬಂದ ವಾರದಲ್ಲೇ ಸಾಲದ ಖಾತೆಗೆ ಜಮಾ ಮಾಡಿ. ಈ ಭಾಗದ ಅನೇಕರ ಖಾತೆ ಇದ್ದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕ್ 2025ರ ಮೇ 1ರಿಂದ ಕರ್ನಾಟಕ ಗ್ರಾಮೀಣ ಬ್ಯಾಂಕಿನಲ್ಲಿ ವಿಲೀನವಾಗಿದೆ. ಪಾಸ್‌ಬುಕ್, ಐಎಫ್‌ಎಸ್‌ಸಿ ಸಂಖ್ಯೆ, ಚೆಕ್‌ಬುಕ್ ಹಳೆಯವೇ ಉಳಿದಿದ್ದರೆ ಶಾಖೆಗೆ ಹೋಗಿ ಕೇಳಿ. "ವಿಲೀನವಾಗಿದೆ, ಒಟಿಪಿ ಹೇಳಿದರೆ ಖಾತೆ ಸರಿಮಾಡುತ್ತೇವೆ" ಎಂದು ಫೋನ್ ಬಂದರೆ ಅದು ಮೋಸ.

ಕಾರ್ಡ್ ಇಟ್ಟುಕೊಳ್ಳುವವರಿಗೆ

1. ಬೇಡದ ಕಾರ್ಡಿಗೆ ಸುಮ್ಮನಿರಬೇಡಿ. ನಿಮ್ಮ ಒಪ್ಪಿಗೆಯಿಲ್ಲದೆ ಕಾರ್ಡ್ ಕೊಡುವುದನ್ನು ರಿಸರ್ವ್ ಬ್ಯಾಂಕಿನ ಕಾರ್ಡ್ ನಿಯಮಗಳು ನಿಷೇಧಿಸಿವೆ. ಹಾಗೆ ಕೊಟ್ಟು ಶುಲ್ಕ ಹಾಕಿದರೆ ಬ್ಯಾಂಕ್ ಆ ಶುಲ್ಕ ವಾಪಸು ಮಾಡಿ, ಅದರ ಎರಡು ಪಟ್ಟು ದಂಡವನ್ನೂ ನಿಮಗೆ ಕೊಡಬೇಕು. ಅಂಚೆಯಲ್ಲಿ ಬಂದ ಕಾರ್ಡನ್ನು 30 ದಿನಗಳೊಳಗೆ ನೀವು ಚಾಲೂ ಮಾಡದಿದ್ದರೆ, ಬ್ಯಾಂಕ್ ಒಟಿಪಿ ಮೂಲಕ ಒಪ್ಪಿಗೆ ಕೇಳಬೇಕು. ನೀವು ಒಪ್ಪದಿದ್ದರೆ ಏನೂ ಖರ್ಚು ಹಾಕದೆ ಮುಚ್ಚಬೇಕು.

2. ಅರ್ಜಿಗೆ ಸಹಿ ಹಾಕುವ ಮೊದಲು ಮೂರು ಅಂಕಿ ಕೇಳಿ: ವರ್ಷದ ಶುಲ್ಕ ಎಷ್ಟು, ತಿಂಗಳ ಬಡ್ಡಿ ಎಷ್ಟು, ತಡ ಶುಲ್ಕ ಎಷ್ಟು. "ಫ್ರೀ" ಎಂಬುದು ಮೊದಲ ವರ್ಷಕ್ಕೋ ಕೊನೆಯವರೆಗೋ ಎಂಬುದನ್ನು ಕಾಗದದಲ್ಲಿ ನೋಡಿ.

3. ಬಿಲ್ಲಿನ ದಿನವನ್ನು ನಿಮ್ಮ ಪಗಾರಕ್ಕೆ ಹೊಂದಿಸಿಕೊಳ್ಳಿ. ಪಗಾರ ತಿಂಗಳ ಮೊದಲ ವಾರ ಬರುವುದಾದರೆ ಕಟ್ಟುವ ಕೊನೆಯ ದಿನ 8ರಿಂದ 10ರೊಳಗೆ ಇರುವಂತೆ ಕೇಳಿ. ಬಿಲ್ಲಿನ ಸುತ್ತನ್ನು ಬದಲಾಯಿಸಿಕೊಳ್ಳುವ ಅವಕಾಶ ಗ್ರಾಹಕರಿಗಿದೆ. ಇದನ್ನು ಕೇಳುವವರೇ ಕಡಿಮೆ, ಆದರೆ ಇಷ್ಟರಿಂದಲೇ ಎಷ್ಟೋ ಮಂದಿಯ ಬಡ್ಡಿ ತಪ್ಪುತ್ತದೆ.

4. ಬ್ಯಾಂಕ್ ಖಾತೆಯಿಂದ ತಾನೇ ಹಣ ಹೋಗುವಂತೆ ಹೇಳಿಡುವಾಗ ಅರ್ಜಿಯಲ್ಲಿ "ಒಟ್ಟು ಬಾಕಿ" ಎಂಬುದನ್ನೇ ಆರಿಸಿ. ಎಷ್ಟೋ ಕಡೆ "ಕನಿಷ್ಠ ಪಾವತಿ"ಗೆ ಟಿಕ್ ಬಿದ್ದಿರುತ್ತದೆ, ಗ್ರಾಹಕರು ಎಲ್ಲ ಸರಿಯಾಗಿ ಹೋಗುತ್ತಿದೆ ಎಂದು ನಂಬಿ ಕೂತಿರುತ್ತಾರೆ.

5. ಎಟಿಎಂನಲ್ಲಿ ಕ್ರೆಡಿಟ್ ಕಾರ್ಡ್ ಹಾಕಿ ನಗದು ತೆಗೆಯಬೇಡಿ. ನಗದಿಗೆ ಬಡ್ಡಿಯಿಲ್ಲದ ದಿನ ಒಂದೂ ಇಲ್ಲ. ಇದಲ್ಲದೆ ಬಹುತೇಕ ಕಾರ್ಡುಗಳಲ್ಲಿ ಶೇ 2.5ರ ಆಸುಪಾಸು ಶುಲ್ಕ, ಅದಕ್ಕೆ ಕೆಳಮಿತಿಯೂ ಇರುತ್ತದೆ. ಆ ಕೆಳಮಿತಿ 500 ರೂ. ಇರುವ ಕಾರ್ಡಿನಲ್ಲಿ 10,000 ತೆಗೆದರೆ ಜಿಎಸ್‌ಟಿ ಸೇರಿ 590 ರೂ. ಅವತ್ತೇ ಹೋಯಿತು. ಬಡ್ಡಿ ಬೇರೆ.

6. ಕಂತಿಗೆ ಬದಲಾಯಿಸುವಾಗ "ನೋ ಕಾಸ್ಟ್" ಎಂಬ ಮಾತನ್ನು ನಂಬಿ ಮುಂದುವರಿಯಬೇಡಿ. ಅಂಗಡಿಯವರಿಗೆ ಇದೊಂದು ಪ್ರಶ್ನೆ ಕೇಳಿ: "ಅಣ್ಣಾರ, ಒಮ್ಮೆಲೆ ಕೊಟ್ರ ಎಷ್ಟಕ್ಕ ಬಿಡ್ತೀರಿ?" ನಗದಿಗೆ ಸಿಗುತ್ತಿದ್ದ ರಿಯಾಯಿತಿ, ಕಂತಿನ ಪ್ರೊಸೆಸಿಂಗ್ ಶುಲ್ಕ, ಬಡ್ಡಿ ಭಾಗದ ಮೇಲಿನ ಜಿಎಸ್‌ಟಿ ಕೂಡಿಸಿ ನೋಡಿದರೆ ಕಂತಿನ ನಿಜವಾದ ಬೆಲೆ ತಿಳಿಯುತ್ತದೆ.

7. ಪಗಾರ ಚೀಟಿ ಇಲ್ಲದವರು, ಅಂದರೆ ನೇಕಾರರು, ಸಣ್ಣ ವ್ಯಾಪಾರಿಗಳು, ಠೇವಣಿ ಇಟ್ಟು ಅದರ ಆಧಾರದ ಮೇಲೆ ಕಾರ್ಡ್ ಪಡೆಯಬಹುದು. ಠೇವಣಿಗೆ ಬಡ್ಡಿ ಬರುತ್ತಿರುತ್ತದೆ, ಅದರ ಒಂದು ಪಾಲಿನಷ್ಟೇ ಖರ್ಚಿನ ಮಿತಿ ಸಿಗುವುದರಿಂದ ಕೈ ಮೀರುವುದಿಲ್ಲ. ಮುಂದೆ ಮನೆ ಸಾಲಕ್ಕೆ ಹೋದಾಗ ಬೇಕಾಗುವ ಸಿಬಿಲ್ ಅಂಕವೂ ಇದರಿಂದ ಬೆಳೆಯುತ್ತದೆ. ಆ ಅಂಕ 300ರಿಂದ 900ರವರೆಗೆ ಇರುತ್ತದೆ, ವರ್ಷಕ್ಕೊಮ್ಮೆ ಪೂರ್ತಿ ವರದಿಯನ್ನು ಉಚಿತವಾಗಿ ತರಿಸಿಕೊಳ್ಳಬಹುದು. ಠೇವಣಿ ವಿಷಯದಲ್ಲಿ ಒಂದು ಎಚ್ಚರ: 5 ಲಕ್ಷ ರೂ.ವರೆಗಿನ ಠೇವಣಿ ವಿಮೆ ಇರುವುದು ಬ್ಯಾಂಕುಗಳಿಗೆ. ಪಿಗ್ಮಿ ಕಟ್ಟಿಸಿಕೊಳ್ಳುವ ಪತ್ತಿನ ಸಂಘಗಳು, ಸೌಹಾರ್ದ ಸಂಘಗಳು ಬ್ಯಾಂಕುಗಳಲ್ಲ. ಅಲ್ಲಿನ ಹಣಕ್ಕೆ ಆ ವಿಮೆ ಇಲ್ಲ.

8. ಕಾರ್ಡ್ ಬೇಡವಾದರೆ ಕತ್ತರಿಸಿ ಎಸೆದರೆ ಸಾಲದು. ಬಾಕಿ ತೀರಿಸಿ, ಲಿಖಿತವಾಗಿ ಮುಚ್ಚಲು ಹೇಳಿ. ಬಾಕಿ ಇಲ್ಲದ ಕಾರ್ಡನ್ನು 7 ಕೆಲಸದ ದಿನಗಳಲ್ಲಿ ಮುಚ್ಚದಿದ್ದರೆ ಬ್ಯಾಂಕ್ ದಿನಕ್ಕೆ 500 ರೂ.ನಂತೆ ನಿಮಗೆ ಕೊಡಬೇಕು.

ಈಗಾಗಲೇ ಬಾಕಿಯ ಸುಳಿಗೆ ಸಿಕ್ಕವರು ಮೊದಲು ಆ ಕಾರ್ಡಿನಲ್ಲಿ ಖರೀದಿ ನಿಲ್ಲಿಸಿ. ನಂತರ ಬ್ಯಾಂಕಿಗೆ ಕರೆ ಮಾಡಿ ಬಾಕಿಯನ್ನು ಕಂತುಗಳಿಗೆ ಬದಲಾಯಿಸಲು ಕೇಳಿ. ಆ ಬಡ್ಡಿ ಕಾರ್ಡಿನ ಬಡ್ಡಿಗಿಂತ ಸಾಕಷ್ಟು ಕಡಿಮೆ ಇರುತ್ತದೆ. ಮನೆಯಲ್ಲಿ ಬಂಗಾರವಿದ್ದರೆ ಬ್ಯಾಂಕಿನ ಬಂಗಾರ ಸಾಲ ತೆಗೆದು ಕಾರ್ಡಿನ ಬಾಕಿ ಒಮ್ಮೆಲೆ ಮುಗಿಸುವುದೂ ಲೆಕ್ಕಕ್ಕೆ ಸರಿಹೋಗುತ್ತದೆ. ಒಂದು ಕಾರ್ಡಿನ ಬಾಕಿ ಕಟ್ಟಲು ಇನ್ನೊಂದು ಕಾರ್ಡ್ ತೆಗೆಯುವುದು ಮಾತ್ರ ಬೇಡ.

ಸ್ಕ್ಯಾನರ್: ದಿನದ ಖರ್ಚಿಗೆ ಮೊದಲ ಆಯ್ಕೆ

2016ರ ಏಪ್ರಿಲ್‌ನಲ್ಲಿ ಯುಪಿಐ ಬಂದಾಗ ಇದು ಕಾಯಿಪಲ್ಯೆ ಬುಟ್ಟಿಯವರೆಗೆ ಬರುತ್ತದೆ ಎಂದು ಯಾರೂ ಎಣಿಸಿರಲಿಲ್ಲ. ಈಗ ಗಿರ್ಮಿಟ್ ಗಾಡಿಯಲ್ಲೂ ಚಹಾದ ಅಂಗಡಿಯಲ್ಲೂ "ಫೋನ್‌ಪೇ ಮಾಡ್ರಿ" ಎನ್ನುತ್ತಾರೆ. ಕಾರಣ ಸರಳ: ಬ್ಯಾಂಕ್ ಖಾತೆಯಿಂದ ಯುಪಿಐ ಮೂಲಕ ಕೊಟ್ಟರೆ ಅಂಗಡಿಯವರಿಗೆ ಶುಲ್ಕ ಬೀಳುವುದಿಲ್ಲ, 2020ರ ಜನವರಿಯಿಂದ ಹೀಗೆ ಇದೆ. ಕ್ರೆಡಿಟ್ ಕಾರ್ಡ್ ಉಜ್ಜಿದರೆ ಮಾತ್ರ ಮಾರಾಟದ ಮೊತ್ತದಲ್ಲಿ ಒಂದು ಪಾಲನ್ನು ಅಂಗಡಿಯವರು ಬ್ಯಾಂಕಿಗೆ ಬಿಟ್ಟುಕೊಡಬೇಕು. ಸ್ವೈಪ್ ಮಷಿನ್ ತೆಗೆಯಲು ಹಲವರು ಹಿಂದೆ ಮುಂದೆ ನೋಡುವುದು, "ಕಾರ್ಡ್ ಆದ್ರ ಎರಡು ಪರ್ಸೆಂಟ್ ಜಾಸ್ತಿ ಆಗತೈತ್ರಿ" ಎನ್ನುವುದು ಇದೇ ಕಾರಣಕ್ಕೆ. ಡೆಬಿಟ್ ಕಾರ್ಡಿಗೆ ಹಾಗೆ ಹೆಚ್ಚು ಕೇಳುವಂತಿಲ್ಲ. ಕ್ರೆಡಿಟ್ ಕಾರ್ಡಿಗೆ ಕೇಳಿದರೆ ಸ್ಕ್ಯಾನರ್ ಬಳಸಿ, ಇಬ್ಬರಿಗೂ ಉಳಿಯುತ್ತದೆ.

ಯುಪಿಐಯಲ್ಲಿ ನಿಮ್ಮದೇ ಹಣ ಆ ಕ್ಷಣವೇ ಹೋಗುತ್ತದೆ, ಸಾಲ ಹುಟ್ಟುವುದಿಲ್ಲ. ಆದಾಯ ಏರುಪೇರಾಗುವ ಮನೆಗೆ ಇದು ಹೊಂದುತ್ತದೆ. ಹತ್ತು, ಇಪ್ಪತ್ತು ರೂಪಾಯಿಯ ಖರ್ಚಿಗೆ ಯುಪಿಐ ಲೈಟ್ ಹಾಕಿಕೊಳ್ಳಿ. ಅದರಲ್ಲಿ ಒಟ್ಟು 5,000 ರೂ. ಇಡಬಹುದು, ಒಮ್ಮೆಗೆ 1,000 ರೂ.ವರೆಗೆ ಪಿನ್ ಇಲ್ಲದೆ ಕೊಡಬಹುದು, ಪಾಸ್‌ಬುಕ್ಕಿನಲ್ಲಿ ನೂರಾರು ಸಣ್ಣ ಸಾಲುಗಳು ತುಂಬುವುದೂ ತಪ್ಪುತ್ತದೆ. ಗುಂಡಿ ಫೋನ್ ಇರುವ ಹಿರಿಯರಿಗೆ *99# ಮತ್ತು ಯುಪಿಐ 123ಪೇ ಇವೆ, ಇಂಟರ್‌ನೆಟ್ ಬೇಡ.

ಅಂಗಡಿಯವರು ಕಲಿಯಬೇಕಾದ ಎಚ್ಚರ ಬೇರೆ. ಸಂತೆಯ ಗದ್ದಲದಲ್ಲಿ ಗಿರಾಕಿಯೊಬ್ಬ ಫೋನ್ ಮುಂದೆ ಹಿಡಿಯುತ್ತಾನೆ. ಹಸಿರು ಟಿಕ್ ಇದೆ, ಅಂಗಡಿಯ ಹೆಸರಿದೆ, ಮೊತ್ತ ಸರಿಯಾಗಿದೆ. ಸೌಂಡ್ ಬಾಕ್ಸ್ ಮಾತ್ರ ಮಾತಾಡಿಲ್ಲ. "ನೆಟ್‌ವರ್ಕ್ ಸ್ಲೋ ಐತ್ರಿ, ಬರತೈತಿ" ಎನ್ನುತ್ತ ಚೀಲ ಎತ್ತಿಕೊಳ್ಳುತ್ತಾನೆ. ಅಂಥ ಪರದೆಯನ್ನು ತಯಾರಿಸುವ ನಕಲಿ ಆ್ಯಪ್‌ಗಳಿವೆ. ಸೌಂಡ್ ಬಾಕ್ಸಿನ ದನಿ ಅಥವಾ ನಿಮ್ಮ ಸ್ವಂತ ಫೋನಿನಲ್ಲಿ ಜಮಾ ಆದ ಸಂದೇಶ, ಇವೆರಡೇ ಪುರಾವೆ. ಗಿರಾಕಿಯ ಪರದೆ ಪುರಾವೆಯಲ್ಲ. ಬೆಳಿಗ್ಗೆ ಅಂಗಡಿ ತೆಗೆದಾಗ ಸ್ಕ್ಯಾನರ್ ಹಾಳೆಯ ಮೇಲೆ ಬೇರೆಯವರ ಹಾಳೆ ಅಂಟಿಸಿಲ್ಲವೇ ಎಂದು ಬೆರಳಾಡಿಸಿ ನೋಡಿ, ಒಂದು ರೂಪಾಯಿ ಹಾಕಿ ಪರೀಕ್ಷಿಸಿ.

ಎಲ್ಲರೂ ನೆನಪಿಡಬೇಕಾದ್ದು ಒಂದೇ ಸಾಲು: ಹಣ ಪಡೆಯಲು ಪಿನ್ ಬೇಕಿಲ್ಲ. ಹಳೆ ಟ್ರ್ಯಾಕ್ಟರ್ ಮಾರುವ ಜಾಹೀರಾತು ಹಾಕಿದ್ದೀರಿ, ಯಾರೋ ಫೋನ್ ಮಾಡಿ "ಅಡ್ವಾನ್ಸ್ ಕಳಿಸ್ತೀನಿ, ಪಿನ್ ಒತ್ತಿ ತಗೊಳ್ರಿ" ಎಂದರೆ ಅಲ್ಲಿಗೆ ಮಾತು ನಿಲ್ಲಿಸಿ. ವ್ಯಕ್ತಿಯಿಂದ ವ್ಯಕ್ತಿಗೆ ಹಣ ಕೇಳುವ ಕೋರಿಕೆಯ ಸೌಲಭ್ಯವನ್ನೇ 2025ರ ಅಕ್ಟೋಬರ್ 1ರಿಂದ ನಿಲ್ಲಿಸಿದ್ದಾರೆ, ಆದರೂ ಸ್ಕ್ಯಾನರ್ ಕಳಿಸಿ ಪಿನ್ ಒತ್ತಿಸುವವರು ಇದ್ದಾರೆ.

ರುಪೇ ಕ್ರೆಡಿಟ್ ಕಾರ್ಡನ್ನು ಈಗ ಯುಪಿಐಗೆ ಜೋಡಿಸಬಹುದು. ಸೌಕರ್ಯವೇನೋ ಹೌದು, ಆದರೆ ಚಹಾ ಕುಡಿದದ್ದೂ ಸಾಲದ ಲೆಕ್ಕಕ್ಕೆ ಸೇರುತ್ತದೆ. ಸ್ಕ್ಯಾನ್ ಮಾಡಿದ ಮೇಲೆ ಹಣ ಬ್ಯಾಂಕ್ ಖಾತೆಯಿಂದ ಹೋಗುತ್ತಿದೆಯೋ ಕಾರ್ಡಿನಿಂದಲೋ ಎಂಬುದನ್ನು ಪಿನ್ ಒತ್ತುವ ಮುಂಚೆ ನೋಡಿ.

"ಯುಪಿಐ ಇಲ್ಲ, ಕ್ಯಾಶ್ ಕೊಡ್ರಿ" ಎಂಬ ಫಲಕಗಳು 2025ರ ಜುಲೈಯಲ್ಲಿ ರಾಜ್ಯದಲ್ಲಿ ಕಾಣಿಸಿಕೊಂಡವು. ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಜಮಾ ನೋಡಿ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಕಳಿಸಿತ್ತು. ಪಕ್ಕದ ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ ನಾಲ್ಕು ವರ್ಷಗಳ 1.63 ಕೋಟಿ ರೂ. ವಹಿವಾಟಿನ ಮೇಲೆ ಸುಮಾರು 29 ಲಕ್ಷ ರೂ. ಕಟ್ಟುವಂತೆ ನೋಟಿಸ್ ಬಂದದ್ದು ಸುದ್ದಿಯಾಯಿತು. ತಾಜಾ ತರಕಾರಿಗೆ ಜಿಎಸ್‌ಟಿಯೇ ಇಲ್ಲ. ಜುಲೈ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ವ್ಯಾಪಾರಿಗಳ ಸಭೆ ಕರೆದು, ಹಳೆ ಬಾಕಿ ವಸೂಲಿ ಮಾಡುವುದಿಲ್ಲ, ಆದರೆ ನೋಂದಣಿ ಮಾಡಿಸಬೇಕು ಎಂದರು. ಇದರಿಂದ ವ್ಯಾಪಾರಿಗಳು ತಿಳಿಯಬೇಕಾದ್ದು: ತೆರಿಗೆ ಬೀಳುವುದು ಮಾರಾಟಕ್ಕೆ, ಸ್ಕ್ಯಾನರಿಗಲ್ಲ. ತೆರಿಗೆ ಇರುವ ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆ ಕೊಡುವವರಿಗೆ 20 ಲಕ್ಷ ರೂ. ದಾಟಿದರೆ ನೋಂದಣಿ ಬೇಕು, ನಗದಾಗಿ ಪಡೆದರೂ ಬೇಕು. ಮನೆಯ ಹಣ, ಕೈಗಡ, ಅಂಗಡಿಯ ಹಣ ಎಲ್ಲವೂ ಒಂದೇ ಸ್ಕ್ಯಾನರಿಗೆ ಬಂದರೆ ಲೆಕ್ಕ ಬಿಡಿಸಿ ತೋರಿಸುವುದು ಕಷ್ಟ. ಅಂಗಡಿಗೆ ಬೇರೆ ಖಾತೆ ತೆಗೆಯಿರಿ.

ಹೆಬ್ಬೆಟ್ಟು, ನಗದು, ಚೆಕ್

ಗೃಹಲಕ್ಷ್ಮಿಯ 2,000 ರೂ., ಪಿಂಚಣಿ, ಕೂಲಿ ಹಣ ತೆಗೆಯಲು ಊರಿನ ಬ್ಯಾಂಕ್ ಮಿತ್ರರ ಬಳಿ ಹೆಬ್ಬೆಟ್ಟು ಒತ್ತುವವರು ಬಹಳ. ಅವ್ವ, ಅಜ್ಜಿಯರಿಗೆ ಈ ಎಚ್ಚರಗಳನ್ನು ಮನೆಯವರು ಕೂತು ಹೇಳಿಕೊಡಬೇಕು. ಒತ್ತುವ ಮೊದಲು ಮಷಿನ್ ಪರದೆಯಲ್ಲಿ ಮೊತ್ತ ಓದಿಸಿ ಕೇಳಬೇಕು. "ಬರಲಿಲ್ಲ, ಮತ್ತೊಮ್ಮೆ ಒತ್ತವ್ವ" ಎಂದರೆ ಮೊದಲ ಬಾರಿಯದ್ದು ವಿಫಲವಾಯಿತು ಎಂಬ ಚೀಟಿ ಕೇಳಬೇಕು; ಇಲ್ಲದಿದ್ದರೆ ಎರಡು ಬಾರಿ ಹಣ ಹೋಗಿ, ಕೈಗೆ ಒಮ್ಮೆ ಮಾತ್ರ ಬಂದಿರಬಹುದು. ಪ್ರತಿ ಸಲವೂ ಚೀಟಿ ಪಡೆದು ಉಳಿದ ಬಾಕಿ ಓದಿಸಬೇಕು. ಆಧಾರ್ ಆ್ಯಪ್‌ನಲ್ಲಿ ಬೆರಳಚ್ಚನ್ನು ಲಾಕ್ ಮಾಡುವ ಸೌಲಭ್ಯವಿದೆ. ಹಣ ತೆಗೆಯುವ ದಿನ ಮಾತ್ರ ತೆರೆದು ಮತ್ತೆ ಮುಚ್ಚಬಹುದು.

ನಗದು ಇನ್ನೂ ಬೇಕು. ಕೂಲಿ ಆಳುಗಳ ಬಟವಾಡೆ, ಸಂತೆ, ನೆಟ್‌ವರ್ಕ್ ಸಿಗದ ಊರು, ಇವಕ್ಕೆಲ್ಲ ನಗದೇ ಸರಿ. ಆದರೆ ಒಂದು ವ್ಯವಹಾರಕ್ಕೆ ಒಬ್ಬರಿಂದ 2 ಲಕ್ಷ ರೂ. ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವುದನ್ನು ಆದಾಯ ತೆರಿಗೆ ಕಾನೂನು ತಡೆಯುತ್ತದೆ. ಮದುವೆ ಬಂಗಾರ ಖರೀದಿಸುವವರು, ದೊಡ್ಡ ಮೊತ್ತದ ಮಾಲು ಮಾರುವವರು ಇದನ್ನು ನೆನಪಿಡಿ. ಅಂಥ ಮೊತ್ತಕ್ಕೆ ಬ್ಯಾಂಕಿನ ವರ್ಗಾವಣೆ ಅಥವಾ ಚೆಕ್ ಬಳಸಿ. ಚೆಕ್ಕಿಗೆ ಬರೆದ ತಾರೀಖಿನಿಂದ ಮೂರು ತಿಂಗಳ ಆಯುಷ್ಯ. ದಲಾಲರು ಮುಂದಿನ ತಾರೀಖಿನ ಚೆಕ್ ಕೊಟ್ಟರೆ ಆ ದಿನವನ್ನು ಬರೆದಿಟ್ಟುಕೊಳ್ಳಿ, ಕಪಾಟಿನಲ್ಲಿ ಮರೆಯಬೇಡಿ.

ಮತ್ತೆ ಮತ್ತೆ ಆಗುವ ತಪ್ಪುಗಳು

ಕಾರ್ಡಿನ ಮಿತಿಯನ್ನು ಆದಾಯ ಎಂದು ತಿಳಿಯುವುದು. ಮಿತಿ ಒಂದು ಲಕ್ಷವಿದ್ದರೂ ನಿಮ್ಮ ಪಗಾರದಲ್ಲಿ ಒಂದೇ ತಿಂಗಳಲ್ಲಿ ತೀರಿಸಬಲ್ಲಷ್ಟೇ ನಿಮ್ಮ ನಿಜವಾದ ಮಿತಿ.

ಗೆಳೆಯನಿಗೆ, ಅಳಿಯನಿಗೆ ಕಾರ್ಡ್ ಕೊಡುವುದು. ಬಿಲ್ಲು ನಿಮ್ಮ ಹೆಸರಿಗೆ, ಸಿಬಿಲ್ ನಿಮ್ಮದು. ಸಂಬಂಧವೂ ನಿಮ್ಮದೇ ಕೆಡುವುದು.

ಕೊನೆಯ ದಿನ ರಾತ್ರಿ ಕಟ್ಟುವುದು. ಬೇರೆ ಬ್ಯಾಂಕಿನಿಂದ ಕಟ್ಟಿದ ಹಣ ಜಮಾ ಆಗಲು ಒಂದೆರಡು ದಿನ ಹಿಡಿಯಬಹುದು. ಗಡುವು ದಾಟಿ ಮೂರು ದಿನದವರೆಗೆ ತಡ ಶುಲ್ಕ ಹಾಕುವಂತಿಲ್ಲ ಎಂಬ ನಿಯಮವಿದೆ, ಆದರೆ ಅದನ್ನು ನಂಬಿಕೊಂಡು ಕೂರಬೇಡಿ.

ತಟ್ಟಿದರೆ ಸಾಕು ಎನ್ನುವ ಕಾರ್ಡಿನ ಬಗ್ಗೆ ತಿಳಿಯದಿರುವುದು. ಪಿನ್ ಇಲ್ಲದೆ ಒಮ್ಮೆಗೆ 5,000 ರೂ.ವರೆಗೆ ಹೋಗುತ್ತದೆ. ಬೇಡವಾದರೆ ಬ್ಯಾಂಕಿನ ಆ್ಯಪ್‌ನಲ್ಲಿ ಅದನ್ನು ಮುಚ್ಚಿ. ವಿದೇಶಿ ಬಳಕೆಯನ್ನೂ ಮುಚ್ಚಿಡಿ.

ಗೂಗಲ್‌ನಲ್ಲಿ ಬ್ಯಾಂಕಿನ ಸಹಾಯವಾಣಿ ಹುಡುಕುವುದು. ಅಲ್ಲಿ ಮೋಸಗಾರರ ಸಂಖ್ಯೆಗಳೂ ಸಿಗುತ್ತವೆ. ಕಾರ್ಡಿನ ಹಿಂಬದಿ, ಪಾಸ್‌ಬುಕ್ಕಿನ ಒಳಪುಟದ ಸಂಖ್ಯೆಗೇ ಕರೆ ಮಾಡಿ.

ಹಣ ಹೋದರೆ

1. ಮೊದಲು 1930ಕ್ಕೆ ಕರೆ ಮಾಡಿ. ಇದು ಸೈಬರ್ ವಂಚನೆಯ ರಾಷ್ಟ್ರೀಯ ಸಹಾಯವಾಣಿ. ಮೋಸಗಾರರು ಹಣವನ್ನು ಖಾತೆಯಿಂದ ಖಾತೆಗೆ ದಾಟಿಸಿ ತೆಗೆದುಬಿಡುತ್ತಾರೆ. ನೀವು ಬೇಗ ಹೇಳಿದಷ್ಟೂ ಅದನ್ನು ನಡುವೆ ತಡೆಹಿಡಿಯುವ ಸಾಧ್ಯತೆ ಹೆಚ್ಚು.

2. ಬ್ಯಾಂಕಿಗೆ ಹೇಳಿ ಕಾರ್ಡ್, ಯುಪಿಐ ಬಂದ್ ಮಾಡಿಸಿ, ದೂರಿನ ಸಂಖ್ಯೆ ಬರೆದುಕೊಳ್ಳಿ. ಮಾರನೆಯ ದಿನ ಶಾಖೆಗೆ ಲಿಖಿತ ದೂರು ಕೊಟ್ಟು, ಪ್ರತಿಯ ಮೇಲೆ ಸಿಕ್ಕಾ ಹಾಕಿಸಿಕೊಳ್ಳಿ.

3. ನಿಮ್ಮ ತಪ್ಪೂ ಇಲ್ಲದೆ, ಬ್ಯಾಂಕಿನ ತಪ್ಪೂ ಇಲ್ಲದೆ ಮೂರನೆಯವರ ಕೈವಾಡದಿಂದ ಹಣ ಹೋಗಿದ್ದು, ಸಂದೇಶ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ನಷ್ಟ ನಿಮ್ಮದಲ್ಲ ಎಂದು ರಿಸರ್ವ್ ಬ್ಯಾಂಕಿನ ನಿಯಮ ಹೇಳುತ್ತದೆ. ಒಟಿಪಿ, ಪಿನ್ ನೀವೇ ಹೇಳಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ನಿಮ್ಮದು. ತಿಳಿಸಿದ ನಂತರ ಹೋದದ್ದಕ್ಕೆ ಬ್ಯಾಂಕ್ ಹೊಣೆ. ಹಾಗಾಗಿ ನಾಚಿಕೆಯಿಂದ ಒಂದು ದಿನ ಸುಮ್ಮನಿದ್ದರೂ ಹಾನಿ ನಿಮಗೇ.

4. ಬ್ಯಾಂಕ್ 30 ದಿನಗಳಲ್ಲಿ ಉತ್ತರ ಕೊಡದಿದ್ದರೆ, ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಡಿ. ಸಿಎಂಎಸ್ ಡಾಟ್ ಆರ್‌ಬಿಐ ಡಾಟ್ ಆರ್ಗ್ ಡಾಟ್ ಇನ್ ಎಂಬ ಜಾಲತಾಣದಲ್ಲಿ ದೂರು ದಾಖಲಿಸಬಹುದು, ಅಂಚೆಯಲ್ಲೂ ಕಳಿಸಬಹುದು. ಮಾಹಿತಿ ಬೇಕಿದ್ದರೆ 14448ಕ್ಕೆ ಕರೆ ಮಾಡಿ, ಕನ್ನಡದಲ್ಲಿ ಮಾತಾಡಬಹುದು. ಇದಕ್ಕೆ ಶುಲ್ಕವಿಲ್ಲ, ವಕೀಲರು ಬೇಕಿಲ್ಲ. ದೂರಿನ ಜೊತೆ ಬ್ಯಾಂಕಿಗೆ ಕೊಟ್ಟ ಅರ್ಜಿಯ ಸಿಕ್ಕಾ ಹಾಕಿದ ಪ್ರತಿ ಇರಬೇಕು. ಆದ್ದರಿಂದ ಬ್ಯಾಂಕಿಗೆ ಕೊಡುವ ಯಾವ ಕಾಗದವನ್ನೂ ಪ್ರತಿಯಿಲ್ಲದೆ ಕೊಡಬೇಡಿ.